ತಿಬೇರಿಯ ಕೈಸರನ ಚರಿತ್ರೆಯೂ ಅವನ ಕಾಲದ ನಾಣ್ಯಗಳ ಚಿಹ್ನೆಗಳೂ

ಸುವಾರ್ತೆಗಳನ್ನು ಓದುವ ನಮ್ಮ ಸಭೆಯವರಿಗೆ ತಿಬೇರಿಯ ಕೈಸರನ ಹೆಸರು ಹೊಸದಲ್ಲ. ಸ್ನಾನಿಕನಾದ ಯೋಹಾನನು ಸಾರತೊಡಗಿದ್ದು ಈ ಚಕ್ರವರ್ತಿಯ ಆಳಿಕೆಯ ಹದಿನೈದನೆಯ ವರುಷದಲ್ಲಿ ಎಂದು ಲೂಕನು ತಿಳಿಸುತ್ತಾನೆ. ಗಲಿಲಾಯದ ಸಮುದ್ರಕ್ಕೆ ತಿಬೇರಿಯ ಸಮುದ್ರವೆಂಬ ಇನ್ನೊಂದು ಹೆಸರು ಬಂದದ್ದು ಇವನ ಹೆಸರಿನಲ್ಲಿ ಕಟ್ಟಲ್ಪಟ್ಟ ಪಟ್ಟಣದಿಂದಲೇ. ಕೈಸರನಿಗೆ ತೆರಿಗೆ ಕೊಡುವುದು ಸರಿಯೋ ಅಲ್ಲವೋ ಎಂದು ಯೆರೂಸಲೇಮಿನಲ್ಲಿ ಪ್ರಶ್ನೆ ಎದ್ದಾಗ ನಮ್ಮ ಕರ್ತನ ಮುಂದೆ ತರಲ್ಪಟ್ಟ ನಾಣ್ಯದ ಮೇಲಿದ್ದ ಮುಖವು ಇವನದೇ ಎಂದು ಪಂಡಿತರಲ್ಲಿ ಬಹುಮಂದಿ ಎಣಿಸುತ್ತಾರೆ. ಆದರೂ ಆ ಮುಖದ ಮನುಷ್ಯನು ಯಾರ ಮಗನು, ಯಾವ ಸುಖದುಃಖಗಳನ್ನು ಕಂಡನು, ಹೇಗೆ ಆಳಿದನು, ಹೇಗೆ ಸತ್ತನು ಎಂಬದನ್ನು ಬಲ್ಲವರು ನಮ್ಮ ಹಳ್ಳಿಗಳಲ್ಲಿ ಕೊಂಚವೇ. ಆದಕಾರಣ ಈ ತಿಂಗಳು ಅವನ ಚರಿತ್ರೆಯನ್ನೂ, ಅದರ ಜೊತೆಯಲ್ಲಿ ಅವನ ಕಾಲದ ನಾಣ್ಯಗಳ ಚಿತ್ರಗಳ ಅರ್ಥವನ್ನೂ ವಾಚಕರ ಮುಂದೆ ಇಡುತ್ತೇವೆ.

ನಮ್ಮ ನಾಡಿನಲ್ಲಿ ಸಿಕ್ಕಿದ ರೋಮನ ಹಣ

ರೋಮಾಪುರವು ನಮಗೆ ಎಷ್ಟು ದೂರವಾಗಿದ್ದರೂ ತಿಬೇರಿಯನ ನಾಣ್ಯವು ಕನ್ನಡ ನೆಲವನ್ನು ಮುಟ್ಟಿತ್ತು. ೧೮೯೧ ರಲ್ಲಿ ಬೆಂಗಳೂರಿನ ಬಳಿಯ ಯಶವಂತಪುರದಲ್ಲಿ ೧೬೩ ರೋಮನ ಬೆಳ್ಳಿಯ ನಾಣ್ಯಗಳು ಒಟ್ಟಿಗೆ ಸಿಕ್ಕಿದವು. ಅವುಗಳಲ್ಲಿ ಔಗುಸ್ತನ ನಾಣ್ಯಗಳೂ ತಿಬೇರಿಯನ ನಾಣ್ಯಗಳೂ ಇದ್ದವು. ೧೯೪೭ ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪ್ರಾಚ್ಯಶೋಧಕರು ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿ ನೆಲವನ್ನು ಅಗೆಯಿಸಿದಾಗ ಅಲ್ಲಿಯೂ ತಿಬೇರಿಯನ ಬೆಳ್ಳಿಯ ನಾಣ್ಯವು ದೊರೆಯಿತು. ನಮಗೆ ಇನ್ನೂ ಸಮೀಪವಾಗಿ, ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದು ೧೯೯೭ ರಿಂದ ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ, ತಿಬೇರಿಯನಿಗಿಂತ ಬಹಳ ಈಚಿನ ರೋಮನ ಚಕ್ರವರ್ತಿಗಳ ಬಂಗಾರದ ನಾಣ್ಯಗಳು ಸಿಕ್ಕಿವೆ.

ಈ ಹಣವು ಇಲ್ಲಿಗೆ ದಂಡಿನ ಸಂಗಡ ಬರಲಿಲ್ಲ, ವ್ಯಾಪಾರದಿಂದ ಬಂತು. ಮುಂಗಾರಿನ ಗಾಳಿಯನ್ನು ಹಿಡಿದು ಐಗುಪ್ತದ ಕಡೆಯಿಂದ ಹಡಗುಗಳು ನಮ್ಮ ಪಡುವಣ ಕರಾವಳಿಗೆ ಬರುತ್ತಿದ್ದವು. ಮೆಣಸು, ಮುತ್ತು, ರತ್ನ, ನವಿರಾದ ಹತ್ತಿಯ ಬಟ್ಟೆ ಇವುಗಳನ್ನು ಕೊಂಡು ಬೆಳ್ಳಿ ಬಂಗಾರಗಳನ್ನು ಬಿಟ್ಟು ಹೋಗುತ್ತಿದ್ದವು. ಕ್ರಿ. ಶ. ೨೨ ರಲ್ಲಿ ತಿಬೇರಿಯನು ತಾನೇ ಸೆನೆಟ್ ಎಂಬ ಹಿರಿಯರ ಸಭೆಗೆ ಒಂದು ಕಾಗದವನ್ನು ಬರೆದು, ಹೆಂಗಸರ ಒಡವೆಯ ಕಲ್ಲುಗಳಿಗಾಗಿ ರೋಮನರ ಹಣವು ಪರದೇಶದವರ ಕೈಗೆ ಹೋಗುತ್ತಿದೆಯೆಂದು ಕೊರಗಿದನು. ಅವನು ಕೊರಗಿದ ಹಣದಲ್ಲಿ ಸ್ವಲ್ಪ ಭಾಗವು ನಮ್ಮ ಮಣ್ಣಿನಲ್ಲಿ ಹುದುಗಿತ್ತು.

ವರ್ತಮಾನಪತ್ರಗಳಿಲ್ಲದ ಆ ಕಾಲದಲ್ಲಿ ನಾಣ್ಯವೇ ಅರಸನ ಡಂಗುರವಾಗಿತ್ತು. ಇದು ನಮ್ಮವರಿಗೂ ತಿಳಿದ ಸಂಗತಿಯೇ. ಚಾಲುಕ್ಯ ಅರಸರ ಲಾಂಛನವು ವರಾಹವಾಗಿದ್ದರಿಂದಲೇ ಹೊನ್ನಿನ ನಾಣ್ಯಕ್ಕೆ ವರಹವೆಂಬ ಹೆಸರು ನಿಂತಿತು. ಅಣ್ಣಿಗೇರಿಗೆ ದೂರವಲ್ಲದ ಲಕ್ಕುಂಡಿಯಲ್ಲಿ ಅವರ ಕಾಲದ ಟಂಕಸಾಲೆ ಇತ್ತು. ಇಂದಿನ ನಮ್ಮ ರೂಪಾಯಿಯ ಮೇಲೆ ಅಶೋಕನ ಸ್ತಂಭದ ಸಿಂಹಗಳಿವೆ. ಅಕ್ಷರ ಬಾರದವನಿಗೂ ಚಿತ್ರವು ತಿಳಿಯುತ್ತದೆ, ಅದು ಸಂತೆಯಿಂದ ಸಂತೆಗೆ ತಾನೇ ನಡೆಯುತ್ತದೆ. ರೋಮನರ ರಾಜ್ಯದಲ್ಲಿ ನಾಣ್ಯಗಳು ಎರಡು ಬಗೆಯಾಗಿದ್ದವು. ಚಕ್ರವರ್ತಿಯ ಟಂಕಸಾಲೆಗಳಲ್ಲಿ ಅಚ್ಚಾದ ಬೆಳ್ಳಿಬಂಗಾರಗಳು ಎಲ್ಲೆಲ್ಲಿಯೂ ಸಲ್ಲುತ್ತಿದ್ದವು. ಇವುಗಳಲ್ಲದೆ ಸೀಮೆಸೀಮೆಯ ಪಟ್ಟಣಗಳವರೂ ಉಪರಾಜರೂ ದೇಶಾಧಿಪತಿಗಳೂ ತಮ್ಮ ಕಡೆಯಲ್ಲಿ ಸಲ್ಲುವ ತಾಮ್ರ ಕಂಚುಗಳ ಚಿಲ್ಲರೆ ನಾಣ್ಯಗಳನ್ನು ತಮಗೆ ತಕ್ಕ ಗುರುತುಗಳೊಡನೆ ಅಚ್ಚುಹಾಕಿಸುತ್ತಿದ್ದರು. ಈ ಎರಡು ಬಗೆಯ ನಾಣ್ಯಗಳ ಮಾತನ್ನೂ ಮನುಷ್ಯನ ನಡತೆಯನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಯಾವುದು ನಿಜ, ಯಾವುದು ಬರೇ ಅಚ್ಚು ಎಂಬದು ತಿಳಿಯುವದು.

ಹುಟ್ಟೂ ಬಾಲ್ಯವೂ

ತಿಬೇರಿಯನು ಕ್ರಿ. ಪೂ. ೪೨ ರ ನವೆಂಬರ ೧೬ ರಂದು ರೋಮಾಪುರದಲ್ಲಿ ಕ್ಲೌದ್ಯರೆಂಬ ಹಳೆಯ ಮನೆತನದಲ್ಲಿ ಹುಟ್ಟಿದನು. ತಾಯಿಯ ಹೆಸರು ಲಿವಿಯಾ. ಆಗ ರೋಮನರೊಳಗೆ ದಾಯಾದಿ ಯುದ್ಧವು ನಡೆಯುತ್ತಿತ್ತು. ಮುಂದೆ ಔಗುಸ್ತನೆಂದು ಹೆಸರು ಪಡೆದ ಒಕ್ತಾವ್ಯನ ಎದುರು ಪಕ್ಷವನ್ನು ಇವನ ತಂದೆಯು ಹಿಡಿದಿದ್ದನು. ಪಕ್ಷವು ಸೋಲಲು ಗಂಡಹೆಂಡರು ಕೂಸನ್ನು ಎತ್ತಿಕೊಂಡು ಓಡಿಹೋದರು. ಗುಟ್ಟಾಗಿ ಹಡಗು ಹತ್ತುವಾಗ ಕೂಸು ಎರಡು ಸಾರಿ ಅತ್ತದ್ದರಿಂದ ಅವರು ಸಿಕ್ಕಿಬೀಳುವಂತಾಯಿತು. ಗ್ರೀಕರ ದೇಶದಲ್ಲಿ ರಾತ್ರಿ ಅಡವಿಯೊಳಗೆ ಹಾದುಹೋಗುವಾಗ ಕಾಳ್ಗಿಚ್ಚು ಸುತ್ತಿಕೊಂಡು ಲಿವಿಯಾಳ ಸೆರಗೂ ಕೂದಲೂ ಸುಟ್ಟವು.

ಕ್ಷಮೆ ದೊರೆತು ಅವರು ಊರಿಗೆ ಹಿಂದಿರುಗಿದ ಮೇಲೆ ಇನ್ನೊಂದು ವಿಚಿತ್ರವು ನಡೆಯಿತು. ಯಾರಿಗೆ ಹೆದರಿ ಅವರು ಓಡಿದ್ದರೋ ಆ ಒಕ್ತಾವ್ಯನೇ ಲಿವಿಯಾಳನ್ನು ಮೆಚ್ಚಿ, ಅವಳು ಎರಡನೆಯ ಮಗುವಿಗೆ ಬಸುರಿಯಾಗಿರುವಾಗಲೇ, ಗಂಡನಿಂದ ಬಿಡಿಸಿ ಕ್ರಿ. ಪೂ. ೩೮ ರಲ್ಲಿ ಮದುವೆಯಾದನು. ಆ ಎರಡನೆಯ ಮಗನೇ ದ್ರೂಸನು. ತಿಬೇರಿಯನು ಒಂಬತ್ತು ವರುಷದವನಾಗಿರುವಾಗ ತಂದೆಯು ಸತ್ತನು. ರೋಮನರ ಪದ್ಧತಿಯ ಪ್ರಕಾರ ಆ ಹುಡುಗನು ಜನರ ಮುಂದೆ ಕಟ್ಟೆಯ ಮೇಲೆ ನಿಂತು ತಂದೆಯ ಗುಣಗಳನ್ನು ಹೇಳಿ, ಆಮೇಲೆ ಮಲತಂದೆಯ ಮನೆಯಲ್ಲಿ ಬೆಳೆಯುವುದಕ್ಕೆ ಹೋದನು. ತಾನು ಆ ಮನೆಯ ಸ್ವಂತ ಮಗನಲ್ಲವೆಂಬ ಭಾವನೆಯು ಅವನನ್ನು ಬಹಳ ಕಾಲ ಬಿಡಲಿಲ್ಲ.

ದಂಡಿನಲ್ಲಿಯೂ ಮನೆಯಲ್ಲಿಯೂ

ಅವನು ಒಳ್ಳೇ ದಂಡನಾಯಕನಾದನು. ಕ್ರಿ. ಪೂ. ೨೦ ರಲ್ಲಿ, ಇಪ್ಪತ್ತೊಂದು ವರುಷದವನಾಗಿ, ಅರ್ಮೇನಿಯಕ್ಕೆ ದಂಡನ್ನು ನಡಿಸಿಕೊಂಡು ಹೋದನು. ಪಾರ್ಥ್ಯರು ಮುಂಚಿನ ಯುದ್ಧದಲ್ಲಿ ಕಸಕೊಂಡಿದ್ದ ರೋಮನ ಧ್ವಜಗಳನ್ನು ಅದೇ ವರುಷ ಕಾದಾಟವಿಲ್ಲದೆ ಹಿಂದಕ್ಕೆ ಕೊಟ್ಟರು. ಕೂಡಲೆ ಒಂದು ಬೆಳ್ಳಿಯ ನಾಣ್ಯವು ಹೊರಟಿತು: ಒಬ್ಬ ಪಾರ್ಥ್ಯನು ಮೊಣಕಾಲೂರಿ ಧ್ವಜವನ್ನು ಒಪ್ಪಿಸುತ್ತಿದ್ದಾನೆ. ನಡೆದದ್ದು ಸಂಧಾನ, ಆದರೆ ಚಿತ್ರವನ್ನು ಕಂಡವರು ಮಹಾಯುದ್ಧದಲ್ಲಿ ಜಯವಾಯಿತೆಂದೇ ತಿಳುಕೊಳ್ಳುತ್ತಿದ್ದರು.

ತಿಬೇರಿಯನು ವಿಪ್ಸಾನಿಯಾ ಎಂಬವಳನ್ನು ಮದುವೆಯಾಗಿ ಅವಳನ್ನು ಬಹು ಪ್ರೀತಿಸಿದನು. ಇವರ ಮಗನಿಗೂ ದ್ರೂಸನೆಂದೇ ಹೆಸರು. ಆದರೆ ಔಗುಸ್ತನ ಮಗಳಾದ ಯೂಲಿಯಾಳು ವಿಧವೆಯಾದಾಗ, ರಾಜ್ಯದ ಹಿತಕ್ಕಾಗಿ ಇವನು ವಿಪ್ಸಾನಿಯಾಳನ್ನು ಬಿಟ್ಟು ಯೂಲಿಯಾಳನ್ನು ಕಟ್ಟಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಕ್ರಿ. ಪೂ. ೧೧ ರಲ್ಲಿ ಹಾಗೆಯೇ ಮಾಡಿದನು. ಬಳಿಕ ಒಂದು ಸಾರಿ ಬೀದಿಯಲ್ಲಿ ವಿಪ್ಸಾನಿಯಾಳನ್ನು ಕಂಡು ಕಣ್ಣೀರು ತುಂಬಿ ಅವಳ ಹಿಂದೆಯೇ ನೋಡುತ್ತಾ ಹೋದನಂತೆ. ಇನ್ನು ಮುಂದೆ ಅವಳು ಇವನ ಕಣ್ಣಿಗೆ ಬೀಳದಂತೆ ಸುತ್ತಲಿನವರು ನೋಡಿಕೊಂಡರು. ಎರಡು ವರುಷಗಳಲ್ಲಿ ತಮ್ಮನಾದ ದ್ರೂಸನು ಜರ್ಮಾನ್ಯದಲ್ಲಿ ಕುದುರೆಯಿಂದ ಬಿದ್ದು ಸಾಯುವ ಸ್ಥಿತಿಗೆ ಬಂದನು. ತಿಬೇರಿಯನು ರಾತ್ರಿಹಗಲು ಕುದುರೆ ಓಡಿಸಿ ಅವನ ಬಳಿಗೆ ಹೋಗಿ, ಸತ್ತ ಮೇಲೆ ಶವದ ಮುಂದೆ ರೋಮಾಪುರದ ತನಕ ಕಾಲುನಡಿಗೆಯಲ್ಲಿ ಬಂದನು. ಈ ದುಃಖಗಳಲ್ಲಿ ಒಂದನ್ನಾದರೂ ಯಾವ ನಾಣ್ಯವೂ ಹೇಳುವದಿಲ್ಲ.

ಕ್ರಿ. ಪೂ. ೬ ರಲ್ಲಿ ಅವನು ಎಲ್ಲವನ್ನೂ ಬಿಟ್ಟು ರೋದ ದ್ವೀಪಕ್ಕೆ ಹೋಗಿ ಏಳೆಂಟು ವರುಷ ಒಂಟಿಯಾಗಿದ್ದನು. ಔಗುಸ್ತನು ಮಗಳ ಮಕ್ಕಳಾದ ಗಾಯನನ್ನೂ ಲೂಕ್ಯನನ್ನೂ ದತ್ತಕ್ಕೆ ತಕ್ಕೊಂಡು ಅವರನ್ನೇ ಪಟ್ಟಕ್ಕೆ ಸಿದ್ಧಮಾಡುತ್ತಿದ್ದನು. ಆಗ ಹೊರಟ ಬೆಳ್ಳಿಯ ನಾಣ್ಯದಲ್ಲಿ ಇಬ್ಬರು ಹುಡುಗರು ಗುರಾಣಿ ಈಟಿಗಳೊಡನೆ ನಿಂತಿದ್ದಾರೆ. ಅವರ ಮೇಲ್ಗಡೆ ಪೂಜಾರಿಯ ಸೌಟೂ ಡೊಂಕು ಕೋಲೂ ಇವೆ. ಗುರಾಣಿ ಈಟಿಗಳು ದಂಡಿನ ಅಧಿಕಾರ, ಸೌಟು ಕೋಲುಗಳು ದೇವಕಾರ್ಯದ ಅಧಿಕಾರ. ಎರಡೂ ಈ ಹುಡುಗರಿಗೇ ಎಂದು ಅದರ ಅರ್ಥ. ಭಾರತದಲ್ಲಿ ಸಿಕ್ಕಿದ ರೋಮನ ಬೆಳ್ಳಿಯಲ್ಲಿ ಈ ನಾಣ್ಯವು ಬಹಳವಾಗಿದೆ. ಆದರೆ ಲೂಕ್ಯನು ಕ್ರಿ. ಶ. ೨ ರಲ್ಲಿಯೂ ಗಾಯನು ೪ ರಲ್ಲಿಯೂ ತೀರಿಹೋದರು. ಹುಡುಗರು ಮಣ್ಣಾದರು, ಅವರ ನಾಣ್ಯಗಳು ಹಡಗು ಹತ್ತಿ ನಮ್ಮ ದೇಶಕ್ಕೆ ಬಂದವು. ಬೇರೆ ದಾರಿಯಿಲ್ಲದೆ ಔಗುಸ್ತನು ಕ್ರಿ. ಶ. ೪ ರಲ್ಲಿ ತಿಬೇರಿಯನನ್ನು ದತ್ತಪುತ್ರನನ್ನಾಗಿ ಮಾಡಿಕೊಂಡನು. ಕ್ರಿ. ಶ. ೯ ರಲ್ಲಿ ಜರ್ಮಾನ್ಯದಲ್ಲಿ ಮೂರು ರೋಮನ ದಂಡುಗಳು ಹಾಳಾದಾಗ ಗಡಿಯನ್ನು ನಿಲ್ಲಿಸಿದವನು ಇವನೇ.

ಪಟ್ಟವೂ ತೆರಿಗೆಯ ನಾಣ್ಯವೂ

ಕ್ರಿ. ಶ. ೧೪ ರ ಆಗಸ್ಟ ೧೯ ರಂದು ಔಗುಸ್ತನು ಸತ್ತನು. ತಿಬೇರಿಯನು ತನ್ನ ಐವತ್ತೈದನೆಯ ವರುಷದಲ್ಲಿ ಚಕ್ರವರ್ತಿಯಾದನು. ಸೆನೆಟಿನವರು ಔಗುಸ್ತನು ದೇವರುಗಳ ಸಾಲಿಗೆ ಸೇರಿದನೆಂದು ನಿರ್ಣಯಿಸಿದರು. ಆಗ ಗಾಲ್ ಸೀಮೆಯ ಲುಗ್ದುನದಲ್ಲಿ, ಅಂದರೆ ಈಗಿನ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ, ದೆನಾರಿ ಎಂಬ ಬೆಳ್ಳಿಯ ನಾಣ್ಯವು ಅಚ್ಚಾಗತೊಡಗಿತು. ನಮ್ಮ ಕರ್ತನ ಮುಂದೆ ತಂದದ್ದು ಇದೇ ಎಂದು ಎಣಿಸುತ್ತಾರೆ. ಅದರ ತೂಕವು ನಾಲ್ಕು ಗ್ರಾಮಿಗೆ ಸ್ವಲ್ಪ ಕಡಿಮೆ. ದ್ರಾಕ್ಷೇತೋಟದ ಸಾಮ್ಯದಲ್ಲಿ ಹೇಳಿರುವಂತೆ ಅದು ಕೂಲಿಯವನ ಒಂದು ದಿನದ ಕೂಲಿ.

ಅದರ ಒಂದು ಬದಿಯಲ್ಲಿ ಜಯದ ಎಲೆಮಾಲೆಯನ್ನು ಧರಿಸಿದ ತಿಬೇರಿಯನ ತಲೆ. ಸುತ್ತಲೂ, ಇವನು ದೈವತ್ವಕ್ಕೇರಿದ ಔಗುಸ್ತನ ಮಗನೆಂಬ ಅರ್ಥದ ಬರಹ. ಇನ್ನೊಂದು ಬದಿಯಲ್ಲಿ ಒಬ್ಬ ಸ್ತ್ರೀಯು ಪೀಠದಲ್ಲಿ ಕೂತಿದ್ದಾಳೆ. ಅವಳ ಒಂದು ಕೈಯಲ್ಲಿ ಉದ್ದವಾದ ದಂಡ, ಇನ್ನೊಂದರಲ್ಲಿ ಸಮಾಧಾನದ ಗುರುತಾದ ಎಣ್ಣೇಮರದ ರೆಂಬೆ. ಅವಳು ಸಮಾಧಾನವೆಂಬ ದೇವತೆಯೆಂದೂ, ಆ ರೂಪದಲ್ಲಿ ಕೂತಿರುವವಳು ತಾಯಿಯಾದ ಲಿವಿಯಾಳೆಂದೂ ಅನೇಕರು ಹೇಳುತ್ತಾರೆ. ಸುತ್ತಲಿನ ಬರಹವು ಚಕ್ರವರ್ತಿಯನ್ನು ಮಹಾಯಾಜಕನೆಂದು ಕರೆಯುತ್ತದೆ. ಹೀಗೆ ಅಂಗೈಯಗಲವೂ ಇಲ್ಲದ ಒಂದು ಬೆಳ್ಳಿಯ ಬಿಲ್ಲೆಯು ಮೂರು ಮಾತುಗಳನ್ನು ಸಾರಿತು: ಇವನು ದೇವರ ಮಗನು, ಇವನೇ ಮಹಾಯಾಜಕನು, ಇವನಿಂದಲೇ ಲೋಕಕ್ಕೆ ಸಮಾಧಾನ. ಯೆಹೂದ್ಯನಿಗೆ ಅದನ್ನು ಮುಟ್ಟುವುದೇ ಮನಸ್ಸಿಗೆ ಚುಚ್ಚುತ್ತಿತ್ತೆಂಬದನ್ನು ಇದರಿಂದ ತಿಳಿಯಬಹುದು. ಇಪ್ಪತ್ತೆರಡು ವರುಷ ಈ ನಾಣ್ಯದ ಅಚ್ಚು ಹೆಚ್ಚುಕಡಿಮೆ ಬದಲಾಗಲಿಲ್ಲ. ಚಕ್ರವರ್ತಿಯು ಬೋಳಾಗಿ ಬಾಗಿದ ಮುದುಕನಾದನು. ನಾಣ್ಯದ ಮುಖವು ಮಾತ್ರ ಗಟ್ಟಿಮುಟ್ಟಾಗಿಯೇ ಉಳಿಯಿತು.

ಆಶ್ಚರ್ಯವೇನಂದರೆ, ಈ ಮನುಷ್ಯನು ತನ್ನನ್ನು ದೇವರೆನ್ನುವುದನ್ನು ಮನಸಾರೆ ಒಪ್ಪಿದವನಲ್ಲ. ಕ್ರಿ. ಶ. ೨೫ ರಲ್ಲಿ ಸ್ಪೇನ್ ದೇಶದವರು ತನಗೊಂದು ಗುಡಿ ಕಟ್ಟಲು ಅಪ್ಪಣೆ ಕೇಳಿದಾಗ ಅವನು ಸೆನೆಟಿನಲ್ಲಿ ಎದ್ದು ನಿಂತು, ತಾನು ಸಾಯತಕ್ಕ ಮನುಷ್ಯನೆಂದೂ, ಮನುಷ್ಯನ ಕೆಲಸವನ್ನೇ ಮಾಡುವವನೆಂದೂ, ಜನರ ಹೃದಯದಲ್ಲಿ ಒಳ್ಳೇ ಹೆಸರುಳಿದರೆ ತನಗೆ ಅದೇ ಗುಡಿಯೆಂದೂ ಹೇಳಿ ಬೇಡವೆಂದನು. ಬಾಯಿ ಒಂದನ್ನು ಹೇಳಿತು, ಟಂಕಸಾಲೆ ಇನ್ನೊಂದನ್ನು ಅಚ್ಚುಹಾಕಿತು. ಸಂತೆಗಳಲ್ಲಿ ನಡೆದಾಡಿದ್ದು ಟಂಕಸಾಲೆಯ ಮಾತು.

ಸೀಮೆಗಳ ನಾಣ್ಯಗಳು

ಆಸ್ಯ ಸೀಮೆಯಲ್ಲಿ ಕ್ರಿ. ಶ. ೧೭ ರಲ್ಲಿ ಒಂದೇ ರಾತ್ರಿ ಭೂಕಂಪವಾಗಿ ಹನ್ನೆರಡು ಪಟ್ಟಣಗಳು ಬಿದ್ದವು. ಪ್ರಕಟನೆಯ ಪುಸ್ತಕದಲ್ಲಿ ನಾವು ಓದುವ ಸಾರ್ದಿಸ್ ಫಿಲದೆಲ್ಫಿಯ ಪಟ್ಟಣಗಳು ಅವುಗಳಲ್ಲಿ ಸೇರಿದ್ದವು. ಸಾರ್ದಿಸಿಗೆ ಎಲ್ಲಕ್ಕಿಂತ ಹೆಚ್ಚು ಹಾನಿಯಾಯಿತು. ತಿಬೇರಿಯನು ಅದಕ್ಕೆ ೨೫ ಲಕ್ಷ ದೆನಾರಿಗಳಷ್ಟು ಹಣವನ್ನು ವಾಗ್ದಾನಮಾಡಿ ಐದು ವರುಷದ ತೆರಿಗೆಯನ್ನು ಬಿಟ್ಟುಕೊಟ್ಟನು. ಸಾರ್ದಿಸಿನವರು ತಮ್ಮ ನಾಣ್ಯದ ಮೇಲೆ ಇದನ್ನು ಬರೆದರು: ಕೋಟೆಯಾಕಾರದ ಕಿರೀಟವನ್ನಿಟ್ಟುಕೊಂಡ ಒಬ್ಬ ಹೆಂಗಸು ಮೊಣಕಾಲೂರಿದ್ದಾಳೆ, ತಿಬೇರಿಯನು ನಿಂತು ಅವಳ ಕೈಹಿಡಿದು ಏಳಿಸುತ್ತಿದ್ದಾನೆ. ಆ ಹೆಂಗಸೇ ಪಟ್ಟಣ. ಪಾರ್ಥ್ಯನೂ ಮೊಣಕಾಲೂರಿದ್ದನು, ಇವಳೂ ಮೊಣಕಾಲೂರಿದ್ದಾಳೆ; ಆದರೆ ಅದು ಅಹಂಕಾರದ ಚಿತ್ರ, ಇದು ಉಪಕಾರಸ್ಮರಣೆಯ ಚಿತ್ರ. ಎಲ್ಲಾ ನಾಣ್ಯಗಳೂ ಸುಳ್ಳು ಹೇಳುತ್ತವೆಂದು ನಾವು ತೀರ್ಮಾನಿಸಬಾರದು. ಈ ನಾಣ್ಯವು ನಡೆದದ್ದನ್ನೇ ಹೇಳುತ್ತದೆ.

ಅದೇ ಸೀಮೆಯವರು ತಿಬೇರಿಯನಿಗೂ ಲಿವಿಯಾಳಿಗೂ ಸೆನೆಟಿಗೂ ಕೂಡಿಸಿ ಒಂದು ಗುಡಿಯನ್ನು ಕಟ್ಟುವುದಕ್ಕೆ ಅಪ್ಪಣೆ ಪಡೆದರು. ಸ್ಪೇನಿನವರಿಗೆ ಬೇಡವೆಂದವನು ಇವರಿಗೆ ಅದಕ್ಕೆ ಮುಂಚೆಯೇ ಒಪ್ಪಿದ್ದನು. ಗುಡಿ ನಮ್ಮಲ್ಲಾಗಲಿ, ನಮ್ಮಲ್ಲಾಗಲಿ ಎಂದು ಹನ್ನೊಂದು ಪಟ್ಟಣಗಳು ವಾದಿಸಿ, ಕ್ರಿ. ಶ. ೨೬ ರಲ್ಲಿ ಸ್ಮುರ್ನವು ಗೆದ್ದಿತು. ಸ್ಮುರ್ನದ ನಾಣ್ಯದಲ್ಲಿ ನಾಲ್ಕು ಕಂಬಗಳ ಆ ಗುಡಿಯೂ ಅದರೊಳಗೆ ಯಾಜಕನ ವೇಷದಲ್ಲಿ ನಿಂತ ಚಕ್ರವರ್ತಿಯೂ ಕಾಣುತ್ತಾರೆ.

ಪರಿಶುದ್ಧ ದೇಶದಲ್ಲಿ ಮೂವರು ಮೂರು ರೀತಿಯಾಗಿ ನಡೆದರು. ಗಲಿಲಾಯದ ಉಪರಾಜನಾದ ಹೆರೋದನು ತನ್ನ ಪ್ರಜೆಗಳು ವಿಗ್ರಹವನ್ನು ಹೇಸುವವರೆಂದು ತಿಳಿದು, ತಿಬೇರಿಯ ಪಟ್ಟಣವನ್ನು ಚಕ್ರವರ್ತಿಯ ಹೆಸರಿನಲ್ಲಿ ಕಟ್ಟಿಸಿದರೂ, ನಾಣ್ಯದ ಮೇಲೆ ಮುಖವನ್ನು ಹಾಕದೆ ಜೊಂಡಿನ ಗಿಡ, ಖರ್ಜೂರದ ಗರಿ ಇವುಗಳನ್ನು ಹಾಕಿಸಿದನು. ಅವನ ಸಹೋದರನಾದ ಫಿಲಿಪ್ಪನ ಸೀಮೆಯಲ್ಲಿ ಅನ್ಯಜನರೇ ಹೆಚ್ಚಾಗಿದ್ದುದರಿಂದ ಅವನು ಹೆದರದೆ ಕೈಸರನ ಮುಖವನ್ನೂ ಗುಡಿಯನ್ನೂ ಅಚ್ಚುಹಾಕಿಸಿದನು. ಯೂದಾಯದಲ್ಲಿ ಪಿಲಾತನಿಗಿಂತ ಮುಂಚಿನ ದೇಶಾಧಿಪತಿಗಳು ಖರ್ಜೂರದ ಗರಿ, ಹೂವು, ಹಾರ, ದ್ರಾಕ್ಷಿಯ ಎಲೆ ಇಂಥ ನಿರಪಾಯವಾದ ಗುರುತುಗಳನ್ನು ಇಟ್ಟಿದ್ದರು. ಕ್ರಿ. ಶ. ೨೬ ರಲ್ಲಿ ಬಂದ ಪೊಂತ್ಯ ಪಿಲಾತನು ಬೇರೆ ದಾರಿ ಹಿಡಿದನು. ಕ್ರಿ. ಶ. ೨೯ ರಿಂದ ೩೨ ರ ವರೆಗೆ ಅವನು ಹೊರಡಿಸಿದ ಚಿಕ್ಕ ಕಂಚಿನ ಕಾಸುಗಳ ಮೇಲೆ, ರೋಮನ ಪೂಜಾರಿಗಳು ದ್ರಾಕ್ಷಾರಸವನ್ನು ನೈವೇದ್ಯವಾಗಿ ಹೊಯ್ಯುವ ಸೌಟೂ, ಶಕುನ ನೋಡುವವರು ಹಿಡಿಯುವ ಡೊಂಕು ಕ���ಲೂ ಕಾಣುತ್ತವೆ. ಸೌಟಿನ ಕಾಸಿನ ಹಿಂಬದಿಯಲ್ಲಿ ಮೂರು ಜವೆಗೋದಿಯ ತೆನೆಗಳಿವೆ. ನಡುವಿನದು ನೆಟ್ಟಗಿದೆ, ಎರಡು ಪಕ್ಕದವು ಬಾಗಿವೆ. ಅವನು ಬೇಕೆಂದೇ ಯೆಹೂದ್ಯರ ಮನಸ್ಸನ್ನು ನೋಯಿಸಿದನೋ, ರೋಮನರ ರೂಢಿಯಂತೆ ಮಾಡಿದನೋ ಎಂಬದರಲ್ಲಿ ಪಂಡಿತರು ಒಂದೇ ಮಾತನ್ನಾಡುವದಿಲ್ಲ. ಆದರೆ ರೊಟ್ಟಿಗೂ ಎಣ್ಣೆಗೂ ಬೇಕಾದ ಚಿಲ್ಲರೆ ಕಾಸದು. ಬಡವನು ಅದನ್ನು ಮುಟ್ಟದೆ ಬದುಕುವಂತಿರಲಿಲ್ಲ. ಆಳುವವನ ಪೂಜೆಯ ಸಾಮಾನು ಆಳಿಸಿಕೊಳ್ಳುವವನ ಸೆರಗಿನ ಗಂಟಿಗೆ ಹೀಗೆ ಅವನನ್ನು ಕೇಳದೆಯೇ ಸೇರಿತು.

ಪಿಲಾತನು ಅಲ್ಲಿ ಹತ್ತು ವರುಷ ಉಳಿದದ್ದಕ್ಕೆ ಕಾರಣವನ್ನು ಯೆಹೂದ್ಯ ಚರಿತ್ರೆಗಾರನಾದ ಯೋಸೇಫನು ತಿಳಿಸುತ್ತಾನೆ. ದೇಶಾಧಿಪತಿಗಳನ್ನು ಬೇಗ ಬೇಗ ಬದಲಿಸಬಾರದೆಂಬದು ತಿಬೇರಿಯನ ಮತವಾಗಿತ್ತು. ಅದಕ್ಕೆ ಅವನು ಒಂದು ಕಥೆ ಹೇಳುತ್ತಿದ್ದನು. ಗಾಯಗೊಂಡವನೊಬ್ಬನು ದಾರಿಯಲ್ಲಿ ಬಿದ್ದಿದ್ದನು. ಹುಣ್ಣಿನ ತುಂಬಾ ನೊಣಗಳು. ಹಾದುಹೋಗುವವನು ಕನಿಕರದಿಂದ ಅವುಗಳನ್ನು ಓಡಿಸಹೋದಾಗ, ಬಿದ್ದವನು ಬೇಡವೆಂದನು. ಯಾಕಂದರೆ ಈ ನೊಣಗಳು ಹೊಟ್ಟೆ ತುಂಬಿಸಿಕೊಂಡಿವೆ, ಇವು ಹೋದರೆ ಹಸಿದ ನೊಣಗಳು ಬರುವವು. ತೆರಿಗೆಯನ್ನು ಏರಿಸಬೇಕೆಂದ ಅಧಿಕಾರಿಗಳಿಗೆ ಅವನು, ಒಳ್ಳೇ ಕುರುಬನು ಕುರಿಯ ಉಣ್ಣೆಯನ್ನು ಕತ್ತರಿಸಬೇಕೇ ಹೊರತು ಚರ್ಮವನ್ನು ಸುಲಿಯಬಾರದೆಂದು ತಿಳಿಸಿದನೆಂಬದೂ ಪ್ರಸಿದ್ಧವಾಗಿದೆ. ಎರಡೂ ಜಾಣ ಮಾತುಗಳೇ. ಆದರೆ ಎರಡರಲ್ಲಿಯೂ ಪ್ರಜೆಯು ಗಾಯಗೊಂಡವನು ಇಲ್ಲವೆ ಕುರಿ. ಅವನನ್ನು ಗುಣಪಡಿಸುವ ಯೋಚನೆಯು ಆ ಮಾತುಗಳಲ್ಲಿ ಇಲ್ಲ.

ಅವಳಿ ಮಕ್ಕಳ ನಾಣ್ಯವೂ ಅಳಿಸಿದ ಹೆಸರೂ

ಅರಮನೆಯೊಳಗೆ ದುಃಖದ ಮೇಲೆ ದುಃಖ ಬಂತು. ಕ್ರಿ. ಶ. ೧೯ ರಲ್ಲಿ ಮಗನಾದ ದ್ರೂಸನಿಗೆ ಅವಳಿ ಗಂಡು ಮಕ್ಕಳು ಹುಟ್ಟಿದಾಗ ತಿಬೇರಿಯನು ಹಿಗ್ಗಿಹೋದನು. ಕ್ರಿ. ಶ. ೨೨-೨೩ ರಲ್ಲಿ ಹೊರಟ ದೊಡ್ಡ ನಾಣ್ಯವೊಂದರ ಮೇಲೆ ಹಣ್ಣುಗಳು ತುಂಬಿದ ಎರಡು ಕೊಂಬುಗಳಿವೆ. ಹೂವು ಅರಳಿದಂತೆ ಒಂದೊಂದರ ತುದಿಯಲ್ಲಿ ಒಂದೊಂದು ಮಗುವಿನ ತಲೆ. ಹಣ್ಣು ತುಂಬಿದ ಕೊಂಬು ರೋಮನರಲ್ಲಿ ಸಮೃದ್ಧಿಯ ಗುರುತು. ವಂಶವು ಉಳಿಯುವದು, ರಾಜ್ಯವು ತುಂಬಿ ತುಳುಕುವದು ಎಂದು ಆ ಚಿತ್ರದ ಅರ್ಥ. ಕ್ರಿ. ಶ. ೨೩ ರಲ್ಲಿಯೇ ತಂದೆಯಾದ ದ್ರೂಸನು ಸತ್ತನು. ಅವಳಿಗಳಲ್ಲಿ ಒಂದು ಮಗುವೂ ಸತ್ತಿತು. ಉಳಿದ ಇನ್ನೊಬ್ಬನನ್ನು ಅಜ್ಜನ ತರುವಾಯ ಪಟ್ಟಕ್ಕೆ ಬಂದವನು ಕೊಲ್ಲಿಸಿದನು.

ಮನಸ್ಸು ಮುರಿದ ತಿಬೇರಿಯನು ಸೆಯಾನನೆಂಬ ಕಾವಲುದಂಡಿನ ನಾಯಕನನ್ನು ನೆಚ್ಚಿ, ಕ್ರಿ. ಶ. ೨೬ ರಲ್ಲಿ ರೋಮಾಪುರವನ್ನು ಬಿಟ್ಟು ಕಾಪ್ರಿಯೆಂಬ ದ್ವೀಪವನ್ನು ಸೇರಿದನು; ತಿರುಗಿ ಊರೊಳಗೆ ಕಾಲಿಡಲಿಲ್ಲ. ಕ್ರಿ. ಶ. ೨೯ ರಲ್ಲಿ ತಾಯಿ ಸತ್ತಾಗಲೂ ಬರಲಿಲ್ಲ. ನಮ್ಮ ಕರ್ತನು ಶಿಲುಬೆಗೆ ಹಾಕಲ್ಪಟ್ಟದ್ದು ಈ ವರುಷಗಳಲ್ಲಿಯೇ. ರೋಮಾಪುರದಲ್ಲಿ ರಾಜದ್ರೋಹದ ವ್ಯಾಜ್ಯಗಳು ಹೆಚ್ಚಿದವು. ತಪ್ಪಿತಸ್ಥನ ಆಸ್ತಿಯಲ್ಲಿ ಕಾಲುಭಾಗವು ಚಾಡಿ ಹೇಳಿದವನಿಗೆ ಸಲ್ಲುತ್ತಿದ್ದುದರಿಂದ ಚಾಡಿಯೇ ಒಂದು ಕಸುಬಾಯಿತು. ಔಗುಸ್ತನ ಮುಖವಿರುವ ನಾಣ್ಯವನ್ನಾಗಲಿ ಉಂಗುರವನ್ನಾಗಲಿ ಶೌಚದ ಸ್ಥಳಕ್ಕೆ ತಕ್ಕೊಂಡು ಹೋಗುವುದೂ ಮರಣದಂಡನೆಯ ಅಪರಾಧವಾಯಿತೆಂದು ಸ್ವೆತೋನಿಯನು ಬರೆದಿದ್ದಾನೆ. ಜನರು ಕೊಡುಕೊಳ್ಳುವುದಕ್ಕಾಗಿ ಮಾಡಿದ ಬಿಲ್ಲೆಗೆ ಜನರೇ ಹೆದರಬೇಕಾಯಿತು.

ಸೆಯಾನನು ತಾನೇ ಅರಸನಾಗಬೇಕೆಂದು ಹಂಚಿಕೆ ಹಾಕಿದ್ದಾನೆಂಬ ಸುದ್ದಿಯು ಮುದುಕನಿಗೆ ಮುಟ್ಟಿತು. ಕ್ರಿ. ಶ. ೩೧ ರ ಅಕ್ಟೋಬರ ೧೮ ರಂದು ದ್ವೀಪದಿಂದ ಬಂದ ಒಂದು ಕಾಗದವನ್ನು ಸೆನೆಟಿನಲ್ಲಿ ಓದಿದರು. ಅದೇ ದಿನ ಸೆಯಾನನನ್ನು ಕೊಂದರು. ಅವನ ಚಿಕ್ಕ ಮಕ್ಕಳನ್ನೂ ಬಿಡಲಿಲ್ಲ. ದ್ರೂಸನಿಗೆ ವಿಷವಿಟ್ಟವನು ಈ ಸೆಯಾನನೇ ಎಂಬ ಮಾತು ಆಮೇಲೆ ಹೊರಬಿತ್ತು. ಸ್ಪೇನಿನ ಬಿಲ್ಬಿಲಿಸ್ ಎಂಬ ಊರಿನವರು ಆ ವರುಷ ತಿಬೇರಿಯನ ಹೆಸರಿನ ಸಂಗಡ ಸೆಯಾನನ ಹೆಸರನ್ನೂ ನಾಣ್ಯದ ಮೇಲೆ ಹಾಕಿದ್ದರು. ಇಂದು ಉಳಿದಿರುವ ಆ ನಾಣ್ಯಗಳಲ್ಲಿ ಕೆಲವುಗಳ ಮೇಲೆ ಅವನ ಹೆಸರನ್ನು ಕೆರೆದು ಅಳಿಸಿದ ಗುರುತುಗಳಿವೆ. ನಿನ್ನೆ ಹೊಗಳಿಕೆಗಾಗಿ ಅಚ್ಚಾದದ್ದು ಇಂದು ಪ್ರಾಣಭಯದಿಂದ ಕೆರೆಯಲ್ಪಟ್ಟಿತು.

ಕೊನೆ

ಕ್ರಿ. ಶ. ೩೩ ರಲ್ಲಿ ರೋಮಾಪುರದಲ್ಲಿ ನಾಣ್ಯದ ಬರ ಬಿತ್ತು. ಸಾಲಗಾರರು ಹೊಲಗಳನ್ನು ಅಗ್ಗಕ್ಕೆ ಮಾರಿ ಹಾಳಾಗತೊಡಗಿದರು. ಸಾಲದ ಕಷ್ಟವನ್ನು ಬಲ್ಲ ನಮ್ಮ ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ತಿಬೇರಿಯನು ಎರಡೂವರೆ ಕೋಟಿ ದೆನಾರಿಗಳಷ್ಟು ಹಣವನ್ನು ಹೊರಗೆ ಹಾಕಿ, ಭೂಮಿಯ ಜಾಮೀನಿನ ಮೇಲೆ ಮೂರು ವರುಷ ಬಡ್ಡಿಯಿಲ್ಲದೆ ಸಾಲ ಕೊಡಿಸಿದನು, ವ್ಯವಹಾರವು ಚೇತರಿಸಿಕೊಂಡಿತು. ಕ್ರಿ. ಶ. ೩೭ ರ ಮಾರ್ಚ ೧೬ ರಂದು ಅವನು ಎಪ್ಪತ್ತೇಳು ವರುಷದವನಾಗಿ ಸತ್ತನು. ಬೊಕ್ಕಸದಲ್ಲಿ ೬೭ ಕೋಟಿ ದೆನಾರಿಗಳಿಗೂ ಹೆಚ್ಚು ಹಣವಿತ್ತೆಂದು ಬರೆದಿದ್ದಾರೆ. ಆದರೆ ಸುದ್ದಿ ತಿಳಿದ ಊರಿನವರು ಅಳುವುದಕ್ಕೆ ಬದಲಾಗಿ, ಅವನ ಶವವನ್ನು ತಿಬೇರ ನದಿಗೆ ಎಸೆಯಿರೆಂದು ಬೀದಿಗಳಲ್ಲಿ ಕೂಗಿದರು. ಹೃದಯಗಳಲ್ಲಿ ಗುಡಿಯನ್ನು ಬಯಸಿದವನಿಗೆ ಬೊಕ್ಕಸ ಮಾತ್ರ ತುಂಬಿತು.

ತಾಸಿತನೂ ಸ್ವೆತೋನಿಯನೂ ಅವನ ಕಾಲಕ್ಕೆ ಬಹಳ ವರುಷ ಈಚೆಗೆ ಬರೆದವರು, ಅವನ ಕೇಡುಗಳನ್ನು ಹೆಚ್ಚಾಗಿ ಹೇಳಿದರು. ಅವನ ಕೈಕೆಳಗೆ ದಂಡಿನಲ್ಲಿದ್ದ ವೆಲ್ಲೇಯನು ಅವನನ್ನು ಹೊಗಳಿಯೇ ಹೊಗಳಿದನು. ನ್ಯಾಯವಾಗಿ ತೂಗಿದರೆ, ಅವನು ಗಡಿಯನ್ನು ಕಾದನು, ಬಿದ್ದ ಪಟ್ಟಣಗಳನ್ನು ಎತ್ತಿದನು, ಹಣವನ್ನು ಪೋಲುಮಾಡಲಿಲ್ಲ. ಆದರೆ ಸಂಶಯಕ್ಕೆ ಆಳಾಗಿ ಅನೇಕರ ರಕ್ತಕ್ಕೆ ಕಾರಣನಾದನು.

ದಕ್ಷಿಣ ಭಾರತಕ್ಕೆ ಬಂದ ರೋಮನ ಬಂಗಾರದ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡೆರಡು ತೂತುಗಳಿವೆ. ನಮ್ಮ ಹೆಂಗಸರ ಕಾಸಿನ ಸರದ ಹಾಗೆ ಪೋಣಿಸಿ ಕೊರಳಿಗೆ ಹಾಕಿಕೊಂಡರೆಂದು ಕಾಣುತ್ತದೆ. ತಮಿಳುನಾಡಿನ ಪುದುಕ್ಕೋಟೆಯಲ್ಲಿ ೧೮೯೮ ರಲ್ಲಿ ಸಿಕ್ಕಿದ ೫೦೧ ಬಂಗಾರದ ನಾಣ್ಯಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳ ಮುಖದ ಮೇಲೆ ಉಳಿಯಿಂದ ಕಡಿದ ಗಾಯವಿದೆ. ಅವುಗಳಲ್ಲಿ ತಿಬೇರಿಯನ ನಾಣ್ಯಗಳೂ ಸೇರಿವೆ. ರೋಮಾಪುರದಲ್ಲಿ ಯಾವ ಮುಖಕ್ಕಾಗಿ ಮನುಷ್ಯರು ಪ್ರಾಣವನ್ನು ಕೊಟ್ಟರೋ ಆ ಮುಖಕ್ಕೆ ಇಲ್ಲಿ ಯಾರೂ ಹೆದರಲಿಲ್ಲ. ಲೋಹದ ತೂಕಕ್ಕೇ ಬೆಲೆಯಿತ್ತು.

ನಮ್ಮ ದಿನಗಳಲ್ಲಿಯೂ ಆಳುವವರ ಮುಖಗಳನ್ನೂ ಗುರುತುಗಳನ್ನೂ ನಾವು ಗೋಡೆಗಳ ಮೇಲೆಯೂ ಕಾಗದಗಳ ಮೇಲೆಯೂ ನೋಡುತ್ತೇವೆ. ಅವುಗಳನ್ನು ಕಂಡಕೂಡಲೆ ನಂಬಿಬಿಡುವುದೂ ತಳ್ಳಿಬಿಡುವುದೂ ಬುದ್ಧಿವಂತಿಕೆಯಲ್ಲ. ಇದನ್ನು ಅಚ್ಚುಹಾಕಿಸಿದವನು ಯಾರು, ಯಾರಿಗಾಗಿ, ಏನನ್ನು ಹೇಳದೆ ಬಿಟ್ಟನು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ನೋಡಿದರೆ, ಸಾರ್ದಿಸಿನ ನಾಣ್ಯದಂಥ ನಿಜವೂ ಪಾರ್ಥ್ಯನ ನಾಣ್ಯದಂಥ ಉಬ್ಬಿಸಿದ ಮಾತೂ ಬೇರೆಬೇರೆಯಾಗಿ ತಿಳಿಯುವವು. ತೆರಿಗೆಯ ಪ್ರಶ್ನೆ ಬಂದ ದಿನ ನಮ್ಮ ಕರ್ತನೂ ಮೊದಲು ನಾಣ್ಯವನ್ನು ತರಿಸಿ, ಅದರ ಮುಖವೂ ಬರಹವೂ ಯಾರದೆಂದು ಕೇಳಿದನು. ಕೈಸರನ ಬೆಳ್ಳಿಯು ಕೈಸರನಿಗೆ ಹಿಂದಿರುಗಬಹುದಾಗಿತ್ತು. ಆದರೆ ಆ ಬೆಳ್ಳಿಯ ಮೇಲೆ ಬರೆದಿದ್ದ ದೇವರ ಮಗನೆಂಬ ಬಿರುದನ್ನು ನಿಜವೆಂದು ಒಪ್ಪಿಕೊಳ್ಳುವ ಸಾಲವು ತೆರಿಗೆ ಕೊಡುವವರ ಮೇಲೆ ಇರಲಿಲ್ಲ.